ಬಣ್ಣ ಬಳಿಯುವ ಮೊದಲು ವರ್ಷ ಹೇಳಿ

ಬೆಂಗಳೂರು



ನಿಮ್ಮ ಕಾಗದವೂ ಫೋಟೋಗಳೂ ತಲುಪಿದವು. ಸ್ಟೆಪ್ನಿ ಎಂಬ ಟೆರಿಯರ್ ಉಗಿ ಎಂಜಿನ್ನಿನ, ಬೆಸುಗೆ ಮುಗಿದು ಇನ್ನೂ ಬಣ್ಣ ಕಾಣದ ಹಿತ್ತಾಳೆಯ ಮಾದರಿಯನ್ನು ನಾಲ್ಕೂ ಕಡೆಯಿಂದ ತೋರಿಸಿದ್ದೀರಿ. ಕೈಕೆಲಸ ಅಚ್ಚುಕಟ್ಟಾಗಿದೆ. ಡೋಮಿನ ಬುಡ ಬಾಯ್ಲರಿನ ಬಾಗಿಗೆ ಅಂಟಿದಂತೆ ಕೂತಿದೆಯಲ್ಲ, ಅದನ್ನು ನೋಡಿ ತುಂಬಾ ಸಂತೋಷವಾಯಿತು. ಅಲ್ಲಿ ಎಳ್ಳಷ್ಟು ಸಂದು ಬಿಟ್ಟರೂ ಬಣ್ಣ ಬಿದ್ದ ಮೇಲೆ ಇಡೀ ಎಂಜಿನ್ ಆಟಿಕೆಯಾಗಿ ಕಾಣುತ್ತದೆ.

"ಸ್ಟೆಪ್ನಿಗೆ ಯಾವ ಹಳದಿ ತರಿಸಲಿ?" ಎಂದು ಕೇಳಿದ್ದೀರಿ. ಡಬ್ಬಿಯ ಹೆಸರು ಹೇಳುವುದು ಕಷ್ಟವಲ್ಲ. ಆದರೆ ಅದಕ್ಕೂ ಮೊದಲು ನೀವು ನನಗೆ ಒಂದು ವಿಷಯ ಹೇಳಬೇಕು: ನಿಮ್ಮ ಸ್ಟೆಪ್ನಿ ಯಾವ ವರ್ಷದ್ದು? 1875ರಲ್ಲಿ ಇಂಗ್ಲೆಂಡಿನ ಬ್ರೈಟನ್ ಕಾರ್ಖಾನೆಯಿಂದ ಹೊರಬಿದ್ದದ್ದೇ? 1920ರಲ್ಲಿ ದುಡಿಯುತ್ತಿದ್ದದ್ದೇ? 1955ರಲ್ಲಿ ಮಸಿ ಮೆತ್ತಿಕೊಂಡು ಓಡಾಡಿದ್ದೇ? ಇಲ್ಲ, ಬ್ಲೂಬೆಲ್ ರೈಲ್ವೆಯ ಹವ್ಯಾಸಿಗಳು 1960ರಲ್ಲಿ ಕೊಂಡು ಉಳಿಸಿಕೊಂಡದ್ದೇ? ಎಂಜಿನ್ ಒಂದೇ. ಆದರೆ ಈ ನಾಲ್ಕು ಹೊತ್ತುಗಳ ನಡುವೆ ಅದರ ಬಣ್ಣ ಬದಲಾಗಿದೆ, ನಂಬರ್ ಬದಲಾಗಿದೆ, ಮೂಗು ಬದಲಾಗಿದೆ, ಕೊಳವೆಗಳೂ ಬದಲಾಗಿವೆ. ಮಾದರಿ ಮಾಡುವ ನಾವು ಒಂದು ಎಂಜಿನ್ನನ್ನು ಮಾಡುತ್ತೇವೆ ಎಂದುಕೊಳ್ಳುತ್ತೇವೆ. ನಿಜವಾಗಿ ಮಾಡುವುದು ಆ ಎಂಜಿನ್ನಿನ ಒಂದು ದಿನವನ್ನು. ದಿನ ಗೊತ್ತಾದರೆ ಉಳಿದ ನೂರು ಪ್ರಶ್ನೆಗಳಿಗೆ ತಾವಾಗಿಯೇ ಉತ್ತರ ಸಿಗುತ್ತದೆ. ಈ ಮಾತನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ನಿಮ್ಮ ಫೋಟೋದಲ್ಲೇ ಇದೆ. ಅಲ್ಲಿಗೆ ಬರುತ್ತೇನೆ. ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ವಿಲಿಯಂ ಸ್ಟ್ರೌಡ್ಲಿ 1870ರಲ್ಲಿ ಲಂಡನ್ ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯ ಎಂಜಿನ್ ವಿಭಾಗದ ಮುಖ್ಯಸ್ಥನಾಗಿ ಬ್ರೈಟನ್ನಿಗೆ ಬಂದ. ಅವನಿಗಿಂತ ಮುಂಚೆ ಇದ್ದ ಜಾನ್ ಕ್ರೇವನ್ ಕಾಲದಲ್ಲಿ ಒಂದು ಎಂಜಿನ್ನಿನ ಬಿಡಿಭಾಗ ಇನ್ನೊಂದಕ್ಕೆ ಕೂರದಷ್ಟು ಬಗೆಬಗೆಯ ಎಂಜಿನ್‌ಗಳು ಶೆಡ್ಡಿನಲ್ಲಿ ತುಂಬಿಕೊಂಡಿದ್ದವು. ಸ್ಟ್ರೌಡ್ಲಿ ಕೆಲವೇ ವರ್ಗಗಳನ್ನು ಆರಿಸಿ, ಭಾಗಗಳು ಒಂದರದ್ದು ಇನ್ನೊಂದಕ್ಕೆ ಹೊಂದುವಂತೆ ಕಟ್ಟತೊಡಗಿದ. 1872ರಿಂದ 1880ರವರೆಗೆ ಐವತ್ತು ಪುಟ್ಟ ಟ್ಯಾಂಕ್ ಎಂಜಿನ್‌ಗಳು ಬಂದವು. ಕಾಗದದ ಮೇಲೆ ಎ1 ವರ್ಗ. ಉಗಿ ಬಿಡುವಾಗ ನಾಯಿಮರಿ ಬೊಗಳಿದ ಹಾಗೆ ಕೇಳುತ್ತಿದ್ದದ್ದರಿಂದ ಬಾಯಿಮಾತಿನಲ್ಲಿ ಟೆರಿಯರ್. ನಾಲ್ಕು ಅಡಿ ವ್ಯಾಸದ ಆರು ಗಾಲಿ, ಮೈತೂಕ ಸುಮಾರು 24 ಟನ್. ದಕ್ಷಿಣ ಲಂಡನ್ನಿನ ಇಕ್ಕಟ್ಟಿನ ಉಪನಗರ ದಾರಿಗಳಿಗೂ, ಥೇಮ್ಸ್ ನದಿಯ ಅಡಿಯಲ್ಲಿ ಬ್ರೂನೆಲ್ ತಂದೆಮಗ ಕೊರೆದ ಸುರಂಗದ ಮೂಲಕ ಹೋಗುವ ಈಸ್ಟ್ ಲಂಡನ್ ದಾರಿಗೂ ಇವು ಹೇಳಿ ಮಾಡಿಸಿದಂತಿದ್ದವು. ಮೊದಲ ಆರಕ್ಕೆ ಇಟ್ಟ ಹೆಸರುಗಳೆಲ್ಲ ಆ ಕಡೆಯ ಬಡಾವಣೆಗಳವು: ಪಾಪ್ಲರ್, ವ್ಯಾಪಿಂಗ್, ಫೆನ್‌ಚರ್ಚ್, ಡೆಟ್‌ಫರ್ಡ್, ಶ್ಯಾಡ್ವೆಲ್, ಬ್ಲ್ಯಾಕ್‌ವಾಲ್.

ಈಗ ಬಣ್ಣ. ಸ್ಟ್ರೌಡ್ಲಿ ಅದನ್ನು ಸ್ಕಾಟ್ಲೆಂಡಿನಿಂದ ತಂದ. ಬ್ರೈಟನ್ನಿಗೆ ಬರುವ ಮೊದಲು ಇನ್ವರ್ನೆಸ್‌ನ ಹೈಲ್ಯಾಂಡ್ ರೈಲ್ವೆಯಲ್ಲಿದ್ದಾಗಲೇ ಪ್ರಯಾಣಿಕರ ಎಂಜಿನ್‌ಗಳಿಗೆ ಈ ಬಣ್ಣ ಹಚ್ಚಿಸಿದ್ದ. ಕಂಪನಿಯ ದಾಖಲೆಯಲ್ಲಿ ಅದರ ಹೆಸರು 'ಇಂಪ್ರೂವ್ಡ್ ಎಂಜಿನ್ ಗ್ರೀನ್'. ಹೆಸರು ನೋಡಿ ಹಸಿರು ತರಿಸಬೇಡಿ. ಮೈಬಣ್ಣ ಹೊಂಬಣ್ಣದ ಹಳದಿಮಣ್ಣಿನದು. ನಮ್ಮ ಕಣ್ಣಿಗೆ ಹೇಳಬೇಕೆಂದರೆ ಒದ್ದೆಯಾದ ಗೋಪಿಚಂದನದ ಹತ್ತಿರ ಬರುತ್ತದೆ, ಅದಕ್ಕಿಂತ ಒಂದು ಪಾಲು ಕಂದು ಹೆಚ್ಚು. ಟ್ಯಾಂಕಿನ ಪಕ್ಕ, ಕ್ಯಾಬಿನ ಪಕ್ಕ, ಬಂಕರ್ ಇವೆಲ್ಲದರ ಸುತ್ತ ಆಲಿವ್ ಹಸಿರಿನ ಅಗಲವಾದ ಅಂಚು. ಹಳದಿಗೂ ಹಸಿರಿಗೂ ನಡುವೆ ಕಪ್ಪು ಪಟ್ಟಿ. ಆ ಕಪ್ಪಿನ ಅಂಚಿಗೆ ಕೂದಲೆಳೆಯಂಥ ಕೆಂಪು ಮತ್ತು ಬಿಳಿ ಗೆರೆಗಳು. ಚೌಕಟ್ಟಿನ ಹೊರಮೈ ಕಡುಗೆಂಪು, ಬಫರ್ ಹಲಗೆ ಕುಂಕುಮಗೆಂಪು, ಚಿಮಣಿಯ ತಲೆಗೆ ತಾಮ್ರದ ಕಿರೀಟ, ನಂಬರಿಗೆ ನೀಲಿ ಹಿನ್ನೆಲೆಯ ಹಿತ್ತಾಳೆ ಫಲಕ, ಟ್ಯಾಂಕಿನ ಮೇಲೆ ನೆರಳು ಕೊಟ್ಟು ಬರೆದ ಚಿನ್ನದ ಅಕ್ಷರಗಳಲ್ಲಿ ಹೆಸರು. ಇದೆಲ್ಲ ಲಂಡನ್ನಿನ ಹೊಗೆಯಲ್ಲಿ ದಿನವಿಡೀ ಲೋಕಲ್ ಗಾಡಿ ಎಳೆಯುವ ಎಂಜಿನ್ನಿಗೆ! ಸರಕು ಎಂಜಿನ್‌ಗಳಿಗೆ ಮಾತ್ರ ಗಾಢ ಹಸಿರೇ ಸಾಕೆಂದಿದ್ದ.

ಅವನು ಮಾಡಿದ ಇನ್ನೊಂದು ಏರ್ಪಾಡು ನನಗೆ ಬಣ್ಣಕ್ಕಿಂತಲೂ ಪ್ರಿಯ. ಒಂದು ಎಂಜಿನ್ ಒಬ್ಬ ಡ್ರೈವರನ ವಶಕ್ಕೆ. ಆ ಡ್ರೈವರನ ಹೆಸರನ್ನು ಕ್ಯಾಬಿನ ಒಳಗೆ ಚಿನ್ನದಕ್ಷರದಲ್ಲಿ ಬರೆಸುತ್ತಿದ್ದರು. ಹೊರಗೆ ಊರಿನ ಹೆಸರು, ಒಳಗೆ ಮನುಷ್ಯನ ಹೆಸರು. ಎಂಜಿನ್ ಕೊಳೆಯಾಗಿದ್ದರೆ ಅವಮಾನ ಯಾರಿಗೆ ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಇಂಥ ಬಣ್ಣ ಮೂವತ್ತು ವರ್ಷಕ್ಕೂ ಮಿಗಿಲಾಗಿ ಬಾಳಿದ್ದರ ಹಿಂದೆ ವಾರ್ನಿಷ್ ಎಷ್ಟಿತ್ತೋ ಈ ಹೆಮ್ಮೆಯೂ ಅಷ್ಟೇ ಇತ್ತು ಎಂದು ನಾನು ನಂಬುತ್ತೇನೆ. 1878ರ ಪ್ಯಾರಿಸ್ ಪ್ರದರ್ಶನಕ್ಕೆ 40ನೇ ನಂಬರಿನ 'ಬ್ರೈಟನ್' ಎಂಬ ಟೆರಿಯರನ್ನು ಕಳಿಸಿದರು. ಅದು ಚಿನ್ನದ ಪದಕ ಗೆದ್ದು ಬಂತು. ಅದೇ ಎಂಜಿನ್ 'ನ್ಯೂಪೋರ್ಟ್' ಎಂಬ ಹೆಸರಿನಲ್ಲಿ ಇವತ್ತಿಗೂ ಐಲ್ ಆಫ್ ವೈಟ್ ದ್ವೀಪದಲ್ಲಿದೆ. ಸ್ಟ್ರೌಡ್ಲಿ ತೀರಿಕೊಂಡದ್ದೂ ಪ್ಯಾರಿಸ್ಸಿನಲ್ಲೇ, 1889ರಲ್ಲಿ, ಅಲ್ಲಿನ ಇನ್ನೊಂದು ಪ್ರದರ್ಶನಕ್ಕೆ ಹೋಗಿದ್ದಾಗ.

ಇನ್ನು ನಿಮ್ಮ ಫೋಟೋಗೆ ಬರುತ್ತೇನೆ.

ನಿಮ್ಮ ಎಂಜಿನ್ನಿನ ಮೂಗು ನೋಡಿ. ಸ್ಮೋಕ್‌ಬಾಕ್ಸ್ ದುಂಡಗೆ ಮುಂದಕ್ಕೆ ಚಾಚಿಕೊಂಡು ಒಂದು ಪೀಠದ ಮೇಲೆ ಕೂತಿದೆ. ಮುಂಗಾಲಿಯ ಮೇಲೆ ಇರಬೇಕಾದ ಮರಳುಪೆಟ್ಟಿಗೆ ಅಲ್ಲಿಲ್ಲ, ಹಲಗೆಯ ಕೆಳಕ್ಕೆ ಹೋಗಿದೆ. ಸ್ಮೋಕ್‌ಬಾಕ್ಸಿನಿಂದ ಟ್ಯಾಂಕಿಗೆ ಹೋಗುವ ದಪ್ಪ ಕೊಳವೆಯೂ ಇಲ್ಲ. ಅಂದರೆ ನೀವು ಕಟ್ಟಿರುವುದು ಎ1 ಅಲ್ಲ, ಎ1ಎಕ್ಸ್. ಡಗ್ಲಸ್ ಮಾರ್ಷ್ 1911ರಲ್ಲಿ ಹೊಸ ಬಾಯ್ಲರ್ ಹಾಕಿಸಿ ಹಳೆಯ ಟೆರಿಯರ್‌ಗಳನ್ನು ನವೀಕರಿಸಲು ಶುರುಮಾಡಿದಾಗ ಬಂದ ರೂಪ ಇದು. ಸ್ಟೆಪ್ನಿಗೆ ಈ ರೂಪ ಬಂದದ್ದು 1912ರಲ್ಲಿ. ಹಳದಿ ಬಣ್ಣವೋ, ಮಾರ್ಷ್ 1905ರಲ್ಲಿ ಅಧಿಕಾರಕ್ಕೆ ಬಂದವನೇ ನಿಲ್ಲಿಸಿ, ಗಾಢ ಕಂದನ್ನು ತಂದಿದ್ದ. ಹೆಸರುಗಳನ್ನೂ ಅಳಿಸಿ, ಆ ಜಾಗದಲ್ಲಿ ಕಂಪನಿಯ ಅಕ್ಷರಗಳನ್ನು ಬರೆಸಿದ. ಹಾಗಾಗಿ ದುಡಿಯುವ ಕಾಲದ ಸ್ಟೆಪ್ನಿ ಈ ದುಂಡು ಮೂಗಿನೊಂದಿಗೆ ಹಳದಿ ತೊಟ್ಟು ಹಳಿಯ ಮೇಲೆ ಓಡಿದ್ದೇ ಇಲ್ಲ. ನೀವು ನೋಡಿ ಮರುಳಾದ ಬಣ್ಣದ ಫೋಟೋ ಬ್ಲೂಬೆಲ್‌ನದು. 1960ರ ನಂತರ ಅಲ್ಲಿನವರು ಪ್ರೀತಿಯಿಂದ ತಮ್ಮ ಎ1ಎಕ್ಸ್‌ಗೆ ಅಜ್ಜನ ಕಾಲದ ಬಣ್ಣ ಹಚ್ಚಿದರು. ಅದರಲ್ಲಿ ತಪ್ಪೇನೂ ಇಲ್ಲ. ಅದೂ ಒಂದು ಕಾಲ, ಅದೂ ಇತಿಹಾಸವೇ. ಆದರೆ ಆ ಬಣ್ಣದ ಎಂಜಿನ್ನಿನ ಹಿಂದೆ 1880ರ ನಾಲ್ಕು ಗಾಲಿಯ ಬೋಗಿಗಳನ್ನು ಕಟ್ಟಿ, ಪ್ಲಾಟ್‌ಫಾರಂ ಮೇಲೆ ಉದ್ದ ಲಂಗದ ಹೆಂಗಸರನ್ನು ನಿಲ್ಲಿಸಿದರೆ ಚಿತ್ರ ಒಡೆದುಹೋಗುತ್ತದೆ.

ಇದಕ್ಕೆ ಒಂದು ಸೊಗಸಾದ ಅಪವಾದ ಇದೆ, ಹೇಳದೆ ಇರಲಾರೆ. ಬ್ರೈಟನ್ ಕಾರ್ಖಾನೆಯ ಒಳಗೇ ಶಂಟಿಂಗ್ ಮಾಡುತ್ತಿದ್ದ ಒಂದು ಟೆರಿಯರ್‌ಗೆ 1940ರ ದಶಕದ ಕೊನೆಗೆ ಅಲ್ಲಿನ ಕೆಲಸಗಾರರು ಸ್ಟ್ರೌಡ್ಲಿಯ ಹಳದಿ ಹಚ್ಚಿದರು. ಅದು ಬ್ರಿಟಿಷ್ ರೈಲ್ವೇಸ್ ಕಾಲದಲ್ಲೂ ಆ ಬಣ್ಣದಲ್ಲೇ ಉಳಿದು, 32635 ನಂಬರ್ ಹೊತ್ತು ಕೆಲಸ ಮಾಡಿತು. ಸುತ್ತ ಎಲ್ಲವೂ ಕರಿ, ನಡುವೆ ಇದೊಂದು ಹಳದಿ! ಹಳದಿಯನ್ನೂ ದುಂಡು ಮೂಗನ್ನೂ ಎರಡನ್ನೂ ಬಿಡಲಾರೆ, ಆದರೂ ದುಡಿಯುವ ಎಂಜಿನ್ನೇ ಬೇಕು ಎಂದು ನೀವು ಹಟ ಹಿಡಿದರೆ ಈ ಬಾಗಿಲು ತೆರೆದಿದೆ. ಸ್ಟೆಪ್ನಿ ಎಂಬ ಹೆಸರನ್ನು ಮಾತ್ರ ಬಿಡಬೇಕಾಗುತ್ತದೆ.

ಇದು ಟೆರಿಯರ್ ಒಂದರದೇ ಕಥೆ ಅಂತ ತಿಳಿಯಬೇಡಿ. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಲ್ಲರಿಗೂ ಗೊತ್ತು. 4472 ನಂಬರಿನ ಎಳೆಹಸಿರು ಎಂಜಿನ್‌ಗೆ ಒಂಟಿ ಚಿಮಣಿ. ಜೋಡಿ ಚಿಮಣಿ ಬಂದದ್ದು 1959ರಲ್ಲಿ, ಹೊಗೆ ತಡೆಯುವ ಪಕ್ಕದ ರೆಕ್ಕೆಗಳು 1961ರಲ್ಲಿ. ಆಗ ಅದರ ನಂಬರ್ 60103, ಬಣ್ಣ ಗಾಢ ಬ್ರನ್ಸ್‌ವಿಕ್ ಹಸಿರು. ಎಳೆಹಸಿರಿನ ಮೈಗೆ ಜೋಡಿ ಚಿಮಣಿ, ರೆಕ್ಕೆ ಎರಡೂ ಇದ್ದರೆ ಅದು ಸಂರಕ್ಷಣೆಯ ಕಾಲದ ಎಂಜಿನ್ನೇ ಹೊರತು 1930ರದ್ದಲ್ಲ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ವೇಗ ಮುಟ್ಟಿದ ಮಲ್ಲಾರ್ಡ್‌ಗೂ ಹಾಗೆಯೇ: ಗಾಲಿಗಳನ್ನು ಅರೆಮರೆಮಾಡುವ ಪಕ್ಕದ ತಗಡುಗಳನ್ನು ಯುದ್ಧದ ವರ್ಷಗಳಲ್ಲಿ ರಿಪೇರಿಗೆ ಅಡ್ಡಿ ಎಂದು ತೆಗೆದರು. ನೀಲಿ ಬಣ್ಣ, ತಗಡು, ನಂಬರ್ ಮೂರೂ ಒಂದೇ ದಿನಕ್ಕೆ ಸೇರಬೇಕು.

ನಿಮ್ಮ ಎಂಜಿನ್ನಿನ ಮಟ್ಟಿಗೆ ನನ್ನ ಮನಸ್ಸು ಎತ್ತ ವಾಲುತ್ತದೆ ಎಂದು ಕೇಳಿದರೆ, ನಾನು ಎ1ಎಕ್ಸ್ ರೂಪವನ್ನು ಹಾಗೇ ಉಳಿಸಿಕೊಂಡು ಅದಕ್ಕೆ ಸಲ್ಲುವ ಬಣ್ಣ ಹಚ್ಚಿ ಎನ್ನುತ್ತೇನೆ. ಆಯ್ಕೆ ಕಡಿಮೆಯೇನಲ್ಲ. 1912ರಿಂದ 1923ರವರೆಗೆ ಸ್ಟೆಪ್ನಿ ಹೆಸರಿಲ್ಲದ 655. ಗಾಢ ಕಂದು ಮೈ, ಚಿನ್ನದ ಅಕ್ಷರ. 1923ರಲ್ಲಿ ದಕ್ಷಿಣದ ಕಂಪನಿಗಳೆಲ್ಲ ಒಂದಾಗಿ ಸದರ್ನ್ ರೈಲ್ವೆ ಹುಟ್ಟಿದಾಗ ಅದು ಬಿ655, ಆಲಿವ್ ಹಸಿರು. 'ಬಿ' ಎಂದರೆ ಬ್ರೈಟನ್ ಕಡೆಯದು. 1931ರ ಹೊತ್ತಿಗೆ ಅಕ್ಷರ ಹೋಗಿ ಎರಡು ಸಾವಿರ ಸೇರಿ 2655 ಆಯಿತು. 1948ರಲ್ಲಿ ರಾಷ್ಟ್ರೀಕರಣವಾದ ಮೇಲೆ ಮೂವತ್ತು ಸಾವಿರ ಸೇರಿ 32655. ಆಗ ಬಣ್ಣ ಕಪ್ಪು, ಕೆಂಪು ಕೆನೆ ಬೂದು ಗೆರೆಗಳ ಸಮೇತ. ಈ ಕಪ್ಪಿನಲ್ಲೂ ಎರಡು ಕಾಲ ಇವೆ: 1956ಕ್ಕೆ ಮುಂಚಿನ ಲಾಂಛನದಲ್ಲಿ ಸಿಂಹ ಗಾಲಿಯ ಮೇಲೆ ಕಾಲು ಚಾಚಿ ನಿಂತಿದೆ, ಆಮೇಲಿನದರಲ್ಲಿ ಕಿರೀಟದಿಂದ ಅರ್ಧ ಮೇಲೆದ್ದ ಸಿಂಹ ಗಾಲಿಯನ್ನು ಕೈಯಲ್ಲಿ ಹಿಡಿದಿದೆ. ಅಂಚೆಚೀಟಿಗಿಂತ ಚಿಕ್ಕ ಆ ಸ್ಟಿಕ್ಕರ್ ನಿಮ್ಮ ಇಡೀ ಲೇಔಟಿನ ವರ್ಷ ಹೇಳಿಬಿಡುತ್ತದೆ. ನಾನಾದರೆ ಕಂದನ್ನೇ ಆರಿಸುವೆ. ಅದನ್ನು ಮಾಡುವವರು ಕಡಿಮೆ, ಬಿಸಿಲಿನಲ್ಲಿ ಅದರ ಮೈ ಹೊಳೆಯುವುದೇ ಬೇರೆ ಚೆಂದ.

ಇಲ್ಲ, ಹಳದಿಯೇ ಬೇಕು, 1880ರ ಸ್ಟೆಪ್ನಿಯೇ ಬೇಕು ಎಂದರೆ ಬೆಸುಗೆ ಬಿಚ್ಚಲು ಸಿದ್ಧರಾಗಿ. ಸ್ಮೋಕ್‌ಬಾಕ್ಸನ್ನು ಗಿಡ್ಡ ಮಾಡಿ ಅದರ ಮುಂದೆ ಎರಡೂ ಪಕ್ಕಕ್ಕೆ ಬಾಗಿ ಇಳಿಯುವ ರೆಕ್ಕೆಯ ತಗಡು ಹಾಕಬೇಕು. ಮರಳುಪೆಟ್ಟಿಗೆಗಳನ್ನು ಮುಂಗಾಲಿಯ ಮೇಲೆ ಕೂರಿಸಬೇಕು. ಸ್ಮೋಕ್‌ಬಾಕ್ಸಿನ ಬದಿಯಿಂದ ಟ್ಯಾಂಕಿನ ಕಡೆಗೆ ಹೋಗುವ ಕಂಡೆನ್ಸರ್ ಕೊಳವೆಗಳು ಬೇಕೇ ಬೇಕು. ಅವು ಏಕೆ ಇದ್ದವು ಎಂದು ತಿಳಿದರೆ ಮರೆಯುವುದಿಲ್ಲ: ಸುರಂಗದೊಳಗೆ ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯಿಂದ ಬಿಟ್ಟರೆ ಉಸಿರು ಕಟ್ಟುತ್ತದೆ, ಆದ್ದರಿಂದ ಅದನ್ನು ಟ್ಯಾಂಕಿನ ನೀರಿಗೆ ತಿರುಗಿಸಿ ತಣಿಸುತ್ತಿದ್ದರು. ಅದರಿಂದ ಟ್ಯಾಂಕಿನ ನೀರು ಬಿಸಿಯಾಗುತ್ತಿತ್ತು. ಬಿಸಿನೀರನ್ನು ಇಂಜೆಕ್ಟರ್ ಸರಿಯಾಗಿ ಎಳೆಯುವುದಿಲ್ಲ, ಅದಕ್ಕೇ ಸ್ಟ್ರೌಡ್ಲಿ ಬಾಯ್ಲರಿಗೆ ನೀರೂಡಲು ಪಿಸ್ಟನ್ನಿನ ಓಟದಿಂದಲೇ ನಡೆಯುವ ಪಂಪುಗಳನ್ನು ಇಟ್ಟ. ಹೊರಗೆ ಕಾಣುವ ಒಂದು ಕೊಳವೆಯ ಹಿಂದೆ ಇಷ್ಟು ಯೋಚನೆ ಇದೆ. ನಮ್ಮ ಹವ್ಯಾಸದಲ್ಲಿ ನನ್ನನ್ನು ಇವತ್ತಿಗೂ ಹಿಡಿದಿಟ್ಟಿರುವುದು ಇದೇ: ಯಾವ ತಂತಿಯೂ ಯಾವ ಕೊಳವೆಯೂ ಅಲಂಕಾರಕ್ಕೆ ಇಲ್ಲ.

ಬ್ರೇಕ್ ಕೊಳವೆಯೂ ಹಾಗೆಯೇ ಕಾಲ ಹೇಳುತ್ತದೆ. ಮೊದಲ ಟೆರಿಯರ್‌ಗಳಿಗೆ ಮರದ ಬ್ರೇಕ್ ಬ್ಲಾಕುಗಳಿದ್ದವು, ಮುಂದೆ ಎರಕದ ಕಬ್ಬಿಣದವು ಬಂದವು. ಬ್ರೈಟನ್ ಕಂಪನಿ ವೆಸ್ಟಿಂಗ್‌ಹೌಸ್ ಗಾಳಿ ಬ್ರೇಕಿಗೆ ತಿರುಗಿದಾಗ ಗಾಳಿ ಪಂಪು ಮೈಮೇಲೆ ಬಂತು, ಬಫರ್ ಹಲಗೆಗೆ ಗಾಳಿಯ ಹೋಸ್ ಬಂತು. ಸದರ್ನ್ ರೈಲ್ವೆ ಮುಖ್ಯ ಭೂಭಾಗದಲ್ಲಿ ನಿರ್ವಾತ ಬ್ರೇಕನ್ನು ಒಪ್ಪಿಕೊಂಡದ್ದರಿಂದ ಆಮೇಲಿನ ಎಂಜಿನ್‌ಗಳಿಗೆ ಬೇರೆ ದಪ್ಪದ ಹೋಸ್ ಬೇಕು. ಐಲ್ ಆಫ್ ವೈಟ್ ಮಾತ್ರ 1966ರಲ್ಲಿ ಉಗಿ ಎಂಜಿನ್ ಮುಗಿಯುವವರೆಗೂ ಗಾಳಿ ಬ್ರೇಕನ್ನು ಬಿಡಲಿಲ್ಲ. ಆ ದ್ವೀಪದ ಟೆರಿಯರ್‌ಗಳ ನಂಬರಿನ ಮುಂದೆ 'ಡಬ್ಲ್ಯು', ಬೆನ್ನಿನಲ್ಲಿ ಹೆಚ್ಚು ಕಲ್ಲಿದ್ದಲು ಹಿಡಿಯುವ ದೊಡ್ಡ ಬಂಕರ್. ದ್ವೀಪದಿಂದ ಮರಳಿದ ಮೇಲೂ ಕೆಲವು ಆ ದೊಡ್ಡ ಬಂಕರನ್ನು ಹೊತ್ತುಕೊಂಡೇ ಹೇಲಿಂಗ್ ಐಲ್ಯಾಂಡ್ ಶಾಖೆಯಲ್ಲಿ ಓಡಿದವು. ಅಲ್ಲಿನ ಲ್ಯಾಂಗ್‌ಸ್ಟನ್ ಮರದ ಸೇತುವೆ ಇವಕ್ಕಿಂತ ಭಾರದ ಎಂಜಿನ್ನನ್ನು ತಾಳುತ್ತಿರಲಿಲ್ಲ. 1963ರಲ್ಲಿ ಶಾಖೆ ಮುಚ್ಚುವವರೆಗೆ ತೊಂಬತ್ತರ ಆಸುಪಾಸಿನ ಈ ಮುದುಕರೇ ಗತಿಯಾಗಿದ್ದರು. ಹೇಲಿಂಗ್‌ನ ಎಂಜಿನ್ ಮಾಡುವುದಿದ್ದರೆ ಚಿಮಣಿಯ ತಲೆಗೆ ಕಿಡಿ ತಡೆಯುವ ಬುಟ್ಟಿ ಹಾಕುವುದನ್ನು ಮರೆಯಬೇಡಿ.

ಹಳೆಯ ಕಪ್ಪುಬಿಳುಪು ಫೋಟೋ ನೋಡಿ ಬಣ್ಣ ಊಹಿಸುವ ಬಗ್ಗೆ ಕೇಳಿದ್ದೀರಿ. ಜಾಗ್ರತೆ. ಆ ಕಾಲದ ಗಾಜಿನ ಪ್ಲೇಟುಗಳಿಗೆ ನೀಲಿ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಆದ್ದರಿಂದ ಫೋಟೋದಲ್ಲಿ ಆಕಾಶವೂ ನೀಲಿ ಫಲಕವೂ ಬಿಳುಚಿಕೊಂಡಿರುತ್ತವೆ, ಕುಂಕುಮಗೆಂಪಿನ ಬಫರ್ ಹಲಗೆ ಕರಿ ಹಲಗೆಯಂತೆ ಕಾಣುತ್ತದೆ, ನಮ್ಮ ಹೊಂಬಣ್ಣದ ಟೆರಿಯರ್ ಕಂದು ಎಂಜಿನ್ನಿನಷ್ಟೇ ಗಾಢವಾಗಿ ಬರುತ್ತದೆ. ಇನ್ನೊಂದು ಬಲೆ ಎಂದರೆ ಕಾರ್ಖಾನೆಯ ಅಧಿಕೃತ ಚಿತ್ರಗಳು. ಎಂಜಿನ್ ಕಟ್ಟುವವರು ಫೋಟೋದಲ್ಲಿ ಪ್ರತಿ ರಿವೆಟ್ಟೂ ಕಾಣಲೆಂದು ಹೊಸ ಎಂಜಿನ್‌ಗೆ ಮಂಕಾದ ಬೂದು ಬಣ್ಣ ಬಳಿದು, ಬಿಳಿ ಗೆರೆ ಎಳೆದು, ಚಿತ್ರ ತೆಗೆಸುವ ರೂಢಿ ಬ್ರಿಟನ್ನಿನಲ್ಲಿ ಬೇಕಾದಷ್ಟಿತ್ತು. ಆ ಫೋಟೋದಿಂದ ಆಕಾರ ತೆಗೆದುಕೊಳ್ಳಿ, ರಿವೆಟ್ ಎಣಿಸಿ, ಆದರೆ ಬಣ್ಣ ಕೇಳಬೇಡಿ. ಬಣ್ಣಕ್ಕೆ ಉಳಿದಿರುವ ಎಂಜಿನ್‌ಗಳೇ ಗತಿ. ಐವತ್ತರಲ್ಲಿ ಹತ್ತು ಟೆರಿಯರ್‌ಗಳು ಉಳಿದಿವೆ. ಅವುಗಳಲ್ಲಿ ಬಾಕ್ಸ್‌ಹಿಲ್ ಎ1 ರೂಪದಲ್ಲೇ ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ಸಂಗ್ರಹದಲ್ಲಿದೆ. ಅದೇ ಸಂಗ್ರಹದಲ್ಲಿ ಸ್ಟ್ರೌಡ್ಲಿಯ ದೊಡ್ಡ ಎಂಜಿನ್ ಗ್ಲ್ಯಾಡ್‌ಸ್ಟನ್ ಕೂಡ ಇದೆ. 1882ರ ಆ ಎಂಜಿನ್ನನ್ನು 1927ರಲ್ಲಿ ಸ್ಟೀಫನ್‌ಸನ್ ಲೋಕೋಮೋಟಿವ್ ಸೊಸೈಟಿಯ ಸದಸ್ಯರು ತಮ್ಮ ಕೈಯಿಂದ ಹಣ ಹಾಕಿ ಉಳಿಸಿದರು. ಅಭಿಮಾನಿಗಳು ಹಣ ಕೂಡಿಸಿ ಎಂಜಿನ್ ಉಳಿಸುವ ಕೆಲಸ ಶುರುವಾದದ್ದು ಅಲ್ಲಿಂದ. ಹೀಗಿದ್ದೂ ಈ ಹಳದಿಯ ಸರಿಯಾದ ಛಾಯೆಯ ಬಗ್ಗೆ ಬಲ್ಲವರಲ್ಲೇ ಒಮ್ಮತವಿಲ್ಲ. ವಾರ್ನಿಷ್ ವಯಸ್ಸಾದಂತೆ ಹಳದಿಗೆ ತಿರುಗಿ ಅಡಿಯ ಬಣ್ಣವನ್ನೇ ಬದಲಿಸುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಹೆಸರಿಗಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಹಚ್ಚಿ ಒಣಗಿಸಿದ ತುಂಡನ್ನು ನಿಮ್ಮ ಲೇಔಟಿನ ದೀಪದಡಿಯಲ್ಲೇ ಇಟ್ಟು ನೋಡಿ. ಎಲ್‌ಇಡಿ ಬೆಳಕಿನಲ್ಲಿ ಸರಿ ಕಂಡದ್ದು ಬಿಸಿಲಿನಲ್ಲಿ ಹಸಿರು ಹೊಡೆಯಬಹುದು. ಮತ್ತೆ, ಚಿಕ್ಕ ಮೈಮೇಲೆ ಬಣ್ಣ ಯಾವಾಗಲೂ ಒಂದು ಮೆಟ್ಟಿಲು ಗಾಢವಾಗಿ ಕಾಣುತ್ತದೆ. ಒಂದೆರಡು ಹನಿ ಬಿಳಿ ಬೆರೆಸಿ.

ಗೆರೆಗಳ ವಿಷಯಕ್ಕೆ ಬಂದರೆ ಲೆಕ್ಕ ಸ್ವಲ್ಪ ಹೆದರಿಸುತ್ತದೆ. ನಿಮ್ಮದು ಅಡಿಗೆ 4 ಮಿಲಿಮೀಟರ್ ಅಳತೆ. ನಾಲ್ಕು ಅಡಿಯ ಗಾಲಿ 16 ಮಿಲಿಮೀಟರ್ ಆಗುತ್ತದೆ. ಕಾಲು ಇಂಚಿನ ಗೆರೆ? 0.08 ಮಿಲಿಮೀಟರ್. ಯಾವ ಕೈಯೂ ಅದನ್ನು ಎಳೆಯಲಾರದು, ಎಳೆದರೂ ಕಣ್ಣು ಹಿಡಿಯಲಾರದು. 0.15ರಿಂದ 0.2ರ ಒಳಗೆ ನಿಲ್ಲಿಸಿದರೆ ಕಣ್ಣು ಒಪ್ಪುತ್ತದೆ, ಅದಕ್ಕಿಂತ ದಪ್ಪವಾದರೆ ಎಂಜಿನ್ ಜಾತ್ರೆಯ ಗಾಡಿಯಾಗುತ್ತದೆ. ರೂಲಿಂಗ್ ಪೆನ್ನಿನಲ್ಲಿ ಎನಾಮಲ್ ಬಣ್ಣ ಹಾಕಿ ಎಳೆಯಿರಿ. ಮೂಲೆಯ ತಿರುವುಗಳನ್ನು ಮೊದಲು, ನೇರ ಗೆರೆಗಳನ್ನು ಆಮೇಲೆ. ನೇರ ಗೆರೆಯನ್ನು ತಿರುವಿಗೆ ಸೇರಿಸುವುದು ಸುಲಭ, ತಿರುವನ್ನು ನೇರಕ್ಕೆ ಹೊಂದಿಸುವುದು ಕಷ್ಟ. ನಡುಗಿದ ಗೆರೆಯನ್ನು ಒಣಗುವ ಮೊದಲೇ ಟರ್ಪೆಂಟೈನಿನಲ್ಲಿ ಅದ್ದಿದ ಕುಂಚದಿಂದ ಒರೆಸಿ ಮತ್ತೆ ಎಳೆಯಬಹುದು. ಅಕ್ಷರಗಳಿಗೆ ಮತ್ತು ಲಾಂಛನಕ್ಕೆ ನೀರಿನಲ್ಲಿ ಬಿಡಿಸುವ ಟ್ರಾನ್ಸ್‌ಫರ್ ಸಾಕು, ಆದರೆ ಅಡಿಯ ಬಣ್ಣ ಹೊಳಪಿನದೇ ಇರಬೇಕು. ಹೊಳಪಿಲ್ಲದ ಒರಟು ಮೈಮೇಲೆ ಅಂಟಿಸಿದರೆ ಹಾಳೆಯ ಕೆಳಗೆ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ಎಲ್ಲ ಮುಗಿದ ಮೇಲೆ ಅರೆಹೊಳಪಿನ ವಾರ್ನಿಷ್ ಹೊಡೆದರೆ ಎಲ್ಲವೂ ಒಂದೇ ಮೈಯಾಗುತ್ತದೆ. ನಿಮ್ಮ ಕರಾವಳಿಯ ಆಷಾಢದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ತೇವದ ಗಾಳಿಯಲ್ಲಿ ಲ್ಯಾಕರ್ ಒಣಗುವಾಗ ಮೈಮೇಲೆ ತಣ್ಣಗೆ ನೀರು ಕೂತು ಮಂಜಿನಂತೆ ಬಿಳಿಚಿಕೊಳ್ಳುತ್ತದೆ. ದೀಪಾವಳಿಯ ನಂತರದ ಒಣಹವೆಗೆ ಕಾಯಿರಿ. ಅಷ್ಟರೊಳಗೆ ಹಿಡಿಕಂಬಿಗಳ ಕೆಲಸ ಮುಗಿಸಬಹುದು.

ಹಿಡಿಕಂಬಿ ಎಂದೆನಲ್ಲ, ಇಡೀ ಎಂಜಿನ್ನಿಗೆ ಜೀವ ಕೊಡುವುದು ಅದು. ನಿಜವಾದ ಹಿಡಿಕಂಬಿ ಒಂದೂಕಾಲು ಇಂಚು ದಪ್ಪವಿದ್ದರೆ ನಮಗೆ 0.4 ಮಿಲಿಮೀಟರ್ ತಂತಿ. ಆ ತಂತಿ ನೇರವಾಗಿರಬೇಕು, ಟ್ಯಾಂಕಿನಿಂದ ಒಂದೇ ಸಮನೆ ದೂರವಿರಬೇಕು. ಬೆಳಕು ಅದರ ಹಿಂದೆ ನುಸುಳಿ ಟ್ಯಾಂಕಿನ ಮೇಲೆ ಅದರ ನೆರಳು ಬಿದ್ದಾಗ ನೋಡುವವರಿಗೆ ಅಳತೆಯೇ ಮರೆತುಹೋಗುತ್ತದೆ. ದೀಪ ಸಿಕ್ಕಿಸುವ ಕೊಕ್ಕೆಗಳನ್ನೂ ಬಿಡಬೇಡಿ. ಬ್ರೈಟನ್ ಎಂಜಿನ್‌ಗಳು ಹಗಲಿನಲ್ಲಿ ಆ ಕೊಕ್ಕೆಗಳಿಗೆ ಬಿಳಿಯ ದುಂಡು ಬಿಲ್ಲೆಗಳನ್ನು, ರಾತ್ರಿ ದೀಪಗಳನ್ನು ಸಿಕ್ಕಿಸಿ ತಾವು ಹೋಗುವ ದಾರಿಯನ್ನು ಸಿಗ್ನಲ್‌ಮನ್‌ಗೆ ತಿಳಿಸುತ್ತಿದ್ದವು. ನಿಮ್ಮ ಗಾಡಿ ಎಲ್ಲಿಗೆ ಹೊರಟಿದೆ ಎಂದು ಮೊದಲು ಗೊತ್ತುಮಾಡಿಕೊಂಡು ಬಿಲ್ಲೆ ಕೂರಿಸಿ.

ಕ್ಯಾಬಿನ ಮಾಡನ್ನು ಬಿಳಿ ಮಾಡಬೇಕೆ ಎಂದಿದ್ದೀರಿ. ಹಳದಿ ಕಾಲದ ಎಂಜಿನ್ನಿಗೆ ಹೌದು, ಆದರೆ ಕಾರ್ಖಾನೆಯಿಂದ ಹೊರಬಂದ ವಾರದಲ್ಲಿ ಮಾತ್ರ. ಅದು ಸೀಸದ ಬಿಳಿ. ಹೊಗೆಯಲ್ಲಿರುವ ಗಂಧಕಕ್ಕೆ ಸೀಸ ಕಪ್ಪಾಗುತ್ತದೆ, ಮೇಲಿಂದ ಮಸಿಯೂ ಕೂರುತ್ತದೆ. ಒಂದು ತಿಂಗಳ ಬೂದು ಮಾಡು ನಿಜಕ್ಕೆ ಹೆಚ್ಚು ಹತ್ತಿರ. ಹಾಗೆಂದು ಸ್ಟ್ರೌಡ್ಲಿ ಕಾಲದ ಮೈಗೆ ಕೊಳೆ ಬಳಿಯಬೇಡಿ; ಆ ಡ್ರೈವರ್‌ಗಳು ಒಪ್ಪುತ್ತಿರಲಿಲ್ಲ. ಕೊಳೆ ಸಲ್ಲುವುದು 32655ಕ್ಕೆ.

ಮುಂದೆ ನಮ್ಮ ವೈಪಿ ಎಂಜಿನ್ ಮಾಡುವ ಆಸೆ ಬರೆದಿದ್ದೀರಿ, ಓದಿ ಮನಸ್ಸು ತುಂಬಿತು. 1949ರಿಂದ 1970ರವರೆಗೆ 871 ವೈಪಿಗಳು ಬಂದು, ಮೀಟರ್ ಗೇಜಿನ ನಾಡಾಗಿದ್ದ ನಮ್ಮ ಕಡೆಯ ಮೇಲ್ ಗಾಡಿಗಳನ್ನೂ ಎಳೆದವು. ನಿಮ್ಮ ಈಗಿನ ಅಳತೆಯಲ್ಲೇ ಮಾಡಿದರೆ ಮೀಟರ್ ಗೇಜ್ ಸುಮಾರು 13 ಮಿಲಿಮೀಟರ್ ಆಗುತ್ತದೆ, ಅದಕ್ಕೆ ಹಳಿಯನ್ನು ನೀವೇ ಕಟ್ಟಿಕೊಳ್ಳಬೇಕು. 87ಕ್ಕೆ ಒಂದರ ಎಚ್‌ಒ ಅಳತೆಗೆ ಹೋದರೆ 11.5 ಆಗುತ್ತದೆ, ಅಂಗಡಿಯಲ್ಲಿ ಸಿಗುವ 12 ಮಿಲಿಮೀಟರ್ ಹಳಿಗೆ ಅರ್ಧ ಮಿಲಿಮೀಟರ್ ಅಷ್ಟೇ ವ್ಯತ್ಯಾಸ. ಅದೇ ವಾಸಿ. 1979ರಲ್ಲಿ ಶುರುವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಅಳತೆಪಟ್ಟಿ ಹಿಡಿದು ಹೋಗಿ. ಅಲ್ಲಿನ ಎಂಜಿನ್‌ಗಳ ಮೇಲಿನ ಬಣ್ಣ ಮಳೆಬಿಸಿಲಿನಿಂದ ಕಬ್ಬಿಣವನ್ನು ಕಾಯಲು ಬಳಿದದ್ದು, ಅದನ್ನು ಬಿಡಿ. ಕಬ್ಬಿಣವನ್ನು ನೋಡಿ: ರಿವೆಟ್ಟುಗಳ ನಡುವಿನ ಅಂತರ, ಮೆಟ್ಟಿಲಿನ ಎತ್ತರ, ಕೊಳವೆ ಎಲ್ಲಿ ಬಾಗುತ್ತದೆ, ಅದನ್ನು ಹಿಡಿದ ಪಟ್ಟಿ ಎಷ್ಟು ಅಗಲ. ಬ್ರೈಟನ್ ಎಂಜಿನ್ ಮಾಡುವವರಿಗೂ ಈ ಕಣ್ಣು ಬೇಕು. ನಮ್ಮ ಎಂಜಿನ್‌ಗಳನ್ನು ಓಡಿಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅರಸೀಕೆರೆಯಲ್ಲೋ ಹುಬ್ಬಳ್ಳಿಯಲ್ಲೋ ನಿವೃತ್ತ ಡ್ರೈವರ್ ಯಾರಾದರೂ ಸಿಕ್ಕರೆ ಬಣ್ಣ ಕೇಳಿ, ಅಂಚುಗೆರೆ ಕೇಳಿ, ಯಾವ ಇಸವಿಯಲ್ಲಿ ಹಾಗಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ವೈಪಿಯ ಬಣ್ಣದ ಬಗ್ಗೆ ನಮ್ಮ ಭಾಷೆಯಲ್ಲಿ ಒಂದು ಪುಸ್ತಕ ಬರಲೇಬೇಕು, ಮತ್ತು ಅದು ಈಗಲೇ ಬರಬೇಕು.

ಮುಂದಿನ ಕಾಗದದಲ್ಲಿ ಮೊದಲ ಸಾಲಿನಲ್ಲೇ ಇಸವಿ ಬರೆಯಿರಿ. 1915 ಎಂದು ಬರೆದರೆ ಕಂದಿನ ಅಕ್ಷರಗಳ ಅಳತೆ ಕಳಿಸುತ್ತೇನೆ. 1880 ಎಂದರೆ ರೆಕ್ಕೆಯ ತಗಡಿನ ನಕ್ಷೆ ಕಳಿಸುತ್ತೇನೆ. 1965 ಎಂದರೂ ಬೇಸರವಿಲ್ಲ; ಆಗ ಹಿಂದಿನ ಬೋಗಿಗಳನ್ನು ಬ್ಲೂಬೆಲ್‌ನಲ್ಲಿ ಆ ಕಾಲಕ್ಕೆ ಇದ್ದವನ್ನೇ ಆರಿಸೋಣ.



ನಿಮ್ಮವ

ತಾಜಾಕಲಂ: ಎರಡನೆಯ ಫೋಟೋದಲ್ಲಿ ಎಡಗಡೆಯ ಮೆಟ್ಟಿಲು ಒಳಕ್ಕೆ ವಾಲಿದ ಹಾಗಿದೆ. ಪ್ರೈಮರ್ ಹೊಡೆಯುವ ಮೊದಲು ಸರಿಮಾಡಿ, ಹಿಂದೆ ಒಂದು ಸಣ್ಣ ತಂತಿಯ ಆನಿಕೆ ಬೆಸೆದುಬಿಡಿ. ಗಾಡಿಯನ್ನು ಎತ್ತಿ ಇಳಿಸುವಾಗ ಬೆರಳು ಮೊದಲು ತಗಲುವುದು ಅಲ್ಲಿಗೇ. ಬೆಸುಗೆಯ ರಾಳವನ್ನು ಬಿಸಿನೀರು, ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಿ ತೊಳೆದು ಒಂದು ರಾತ್ರಿ ಒಣಗಿಸಿ. ರಾಳ ಉಳಿದ ಕಡೆ ಪ್ರೈಮರ್ ಹಿಡಿಯುವುದಿಲ್ಲ.